ಕ್ಲಿಕ್ ಒಂದು, ಗುಂಡು ಎರಡು: ಗೇಮಿಂಗ್ ಮೌಸ್ ಬಿಚ್ಚುವುದು, ಉಳಿಸುವುದು, ಕೊಳ್ಳುವುದು

ಹೋದ ತಿಂಗಳು ಇಂಜಿನಿಯರಿಂಗ್ ಹಾಸ್ಟೆಲ್‌ನ ಹುಡುಗನೊಬ್ಬ ಬಂದು ಒಂದು ಮೌಸನ್ನು ಕೌಂಟರ್ ಮೇಲಿಟ್ಟ. ಬಾಕ್ಸ್ ಸಮೇತ ತಂದಿದ್ದ.

"ಅಕ್ಕಾ, ಇದು ಹೋಗೇತಿ. ಸ್ಕ್ರ್ಯಾಪಿಗೆ ಎಷ್ಟು ಕೊಡ್ತೀರಿ?"

"ಏನಾಗೇತಪ್ಪಾ?"

"ಒಂದ್ಸಲ ಒತ್ತಿದ್ರೆ ಎರಡು ಗುಂಡು ಹೋಗ್ತಾವೆ."

ಮೂರು ಸಾವಿರದ ಮೌಸ್. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಅವನು ಆಗಲೇ ಅದರ ತಿಥಿ ಮಾಡಿ ಮುಗಿಸಿದ್ದ. ನಾನು ಬಿಚ್ಚಿ, 40 ರೂಪಾಯಿಯ ಒಂದು ಸ್ವಿಚ್ ಹಾಕಿ, ಸಂಜೆ ವಾಪಸ್ ಕೊಟ್ಟೆ. ಹುಡುಗ ನಂಬಲಿಲ್ಲ. ನನ್ನ ಕಂಪ್ಯೂಟರ್‌ನಲ್ಲೇ ಹತ್ತು ನಿಮಿಷ ಕ್ಲಿಕ್ ಮಾಡಿ ನೋಡಿ, ಬಾಕ್ಸಿಗೆ ಮತ್ತೆ ಹಾಕಿಕೊಂಡು ಹೋದ.

ದಾವಣಗೆರೆಯ ಹದಡಿ ರಸ್ತೆಯಿಂದ ಒಳಗೆ ತಿರುಗುವ ಒಂದು ಸಂದಿಯಲ್ಲಿ ನಮ್ಮ ಅಂಗಡಿ. ಒಂದು ಬದಿ ಜೆರಾಕ್ಸ್, ಇನ್ನೊಂದು ಬದಿ ನನ್ನ ರಿಪೇರಿ ಟೇಬಲ್. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮೊಬೈಲ್ ರಿಪೇರಿಗೆ ಅಂತ ಕೂತವಳು ನಾನು. ಮೌಸ್ ಕೆಲಸ ಗಂಟು ಬಿದ್ದಿದ್ದು ತಮ್ಮನಿಂದ. ಅವನು ಕೌಂಟರ್ ಸ್ಟ್ರೈಕ್ ಅನ್ನುವ ಗುಂಡು ಹಾರಿಸುವ ಆಟ ಆಡಿ ಮೌಸ್ ಕೆಡಿಸುತ್ತಿದ್ದ, ಅಪ್ಪ ಬೈಯುತ್ತಿದ್ದರು, ನಾನು ಬಿಚ್ಚುತ್ತಿದ್ದೆ. ಅವನ ಗೆಳೆಯರು ತಂದರು, ಗೆಳೆಯರ ಹಾಸ್ಟೆಲ್‌ನವರು ತಂದರು. ಪಕ್ಕದ ಮನೆ ಅಜ್ಜಿ ಈಗಲೂ ಅಮ್ಮನನ್ನು "ನಿನ್ನ ಮಗಳು ಇನ್ನೂ ಇಲಿ ರಿಪೇರೀನೇ ಮಾಡ್ತಾಳಾ?" ಎಂದು ಕೇಳುತ್ತಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ತಮ್ಮನ ಜೊತೆ ಅದೇ ತರಹದ ವ್ಯಾಲೊರಂಟ್ ಆಡುತ್ತೇನೆ. ಆಟ ಅಷ್ಟಕ್ಕಷ್ಟೇ.

ವಿಡಿಯೊದಲ್ಲಿ ಮೌಸ್ ಬಗ್ಗೆ ಹೇಳುವವರು ಹೊಸದನ್ನು ಬಾಕ್ಸಿನಿಂದ ತೆಗೆದು ಹೇಳುತ್ತಾರೆ. ನನ್ನ ಟೇಬಲ್‌ಗೆ ಬರುವುದು ಒಂದೆರಡು ವರ್ಷ ಬೆವರು, ಧೂಳು, ಸಿಟ್ಟು ಎಲ್ಲ ಉಂಡಿರುವ ಮೌಸ್. ಹಾಗಾಗಿ ನಾನು ಹೇಳುವುದು ಹಿಂದುಮುಂದು. ಮೌಸ್ ಹೇಗೆ ಕೆಡುತ್ತದೆ ಅನ್ನುವುದನ್ನು ಮೊದಲು ನೋಡೋಣ. ಯಾವುದನ್ನು ಕೊಳ್ಳಬೇಕು ಅನ್ನುವುದು ಆಮೇಲೆ.

ಮೊದಲು ಪರೀಕ್ಷೆ

ರಿಪೇರಿಗೆ ಬಂದದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಅದರಲ್ಲಿ ಅತಿ ಜಾಸ್ತಿ ಇರುವ ಎರಡಕ್ಷರ "ಡಿಸಿ". ಡಬಲ್ ಕ್ಲಿಕ್ ಅಂತ ಅರ್ಥ. ನೀವು ಒಂದು ಸಲ ಒತ್ತುತ್ತೀರಿ, ಕಂಪ್ಯೂಟರ್‌ಗೆ ಎರಡು ಸಲ ಒತ್ತಿದಂತೆ ಕಾಣುತ್ತದೆ.

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಮೌಸನ್ನು ಬೇರೆ ಕಂಪ್ಯೂಟರ್‌ಗೆ, ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಿ. ಅಲ್ಲಿ ಸರಿ ಇದ್ದರೆ ತಪ್ಪು ಮೌಸಿನದಲ್ಲ. ಅಲ್ಲೂ ಅದೇ ಪಾಡಾದರೆ ಎರಡು ಪರೀಕ್ಷೆ ಮಾಡಿ. ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರ್ ಮೇಲೆ ನಿಧಾನವಾಗಿ, ಎರಡೆರಡು ಸೆಕೆಂಡ್ ಬಿಟ್ಟು, ಒಂದೊಂದೇ ಕ್ಲಿಕ್ ಮಾಡುತ್ತಾ ಹೋಗಿ. ಐವತ್ತು ಸಲ. ಮಧ್ಯೆ ಎಲ್ಲಾದರೂ ಫೋಲ್ಡರ್ ತಾನೇ ತೆರೆದರೆ ಅದು ಡಬಲ್ ಕ್ಲಿಕ್.

ಎರಡನೆಯದು ನನಗೆ ಜಾಸ್ತಿ ಇಷ್ಟ. ಪೇಂಟ್ ತೆರೆದು, ಬ್ರಶ್ ತಗೊಂಡು, ಎಡ ಬಟನ್ ಒತ್ತಿ ಹಿಡಿದು ಸ್ಕ್ರೀನ್ ತುಂಬ ಸುತ್ತಿಸುತ್ತಾ ಒಂದೇ ಗೆರೆ ಎಳೆಯಿರಿ. ಅರ್ಧ ನಿಮಿಷ ಬೆರಳು ಎತ್ತಬೇಡಿ. ಗೆರೆ ನಡುವೆ ತುಂಡಾದರೆ ಸ್ವಿಚ್ ಹಿಡಿತ ಬಿಡುತ್ತಿದೆ. ಫೈಲ್ ಎಳೆದು ಇನ್ನೊಂದು ಫೋಲ್ಡರ್‌ಗೆ ಹಾಕುವಾಗ ದಾರಿಯಲ್ಲೇ ಬಿದ್ದು ಹೋಗುವುದು, ಆಟದಲ್ಲಿ ಒತ್ತಿ ಹಿಡಿದರೂ ಗುಂಡು ನಿಂತು ನಿಂತು ಹೋಗುವುದು, ಇದೆಲ್ಲ ಅದೇ ರೋಗ. ಎಷ್ಟೋ ಹುಡುಗರು ಇದನ್ನು "ನೆಟ್ ಸ್ಲೋ" ಅಂದುಕೊಂಡು ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ ಜಗಳ ಆಡಿರುತ್ತಾರೆ.

ಸ್ವಿಚ್ ಒಳಗೆ

ಬಟನ್ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಮೈಕ್ರೋಸ್ವಿಚ್. ಹುಣಸೆ ಬೀಜದಷ್ಟು ಅಂದುಕೊಳ್ಳಿ. ಒಳಗೆ ತಾಮ್ರದ ಮಿಶ್ರಲೋಹದ ತೆಳ್ಳನೆ ಪಟ್ಟಿ, ಸ್ಪ್ರಿಂಗ್ ತರಹ ಬಾಗಿಸಿ ಕೂರಿಸಿರುತ್ತಾರೆ. ನೀವು ಒತ್ತಿದಾಗ ಅದು ಪಟ್ ಎಂದು ಮಗುಚಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ಆ "ಟಿಕ್" ಸದ್ದು ಅದೇ.

ಲೋಹ ಲೋಹಕ್ಕೆ ತಾಗಿದಾಗ ಸುಮ್ನೆ ಕೂರುವುದಿಲ್ಲ. ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದಾಗ ನಾಲ್ಕೈದು ಸಲ ಕುಣಿದು ನಿಲ್ಲುತ್ತದಲ್ಲ, ಹಾಗೆ ಈ ಪಟ್ಟಿಯೂ ಕುಣಿಯುತ್ತದೆ. ಮೌಸಿನ ಚಿಪ್‌ಗೆ ಇದು ಗೊತ್ತು. ಮೊದಲ ತಾಗು ಬಂದ ಮೇಲೆ ಕೆಲವು ಮಿಲಿಸೆಕೆಂಡ್ ಕಣ್ಣು ಮುಚ್ಚಿಕೊಳ್ಳುತ್ತದೆ, ಆ ಕುಣಿತವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇದಕ್ಕೆ ಡಿಬೌನ್ಸ್ ಅನ್ನುತ್ತಾರೆ. ಲಕ್ಷಗಟ್ಟಲೆ ಸಲ ಒತ್ತಿದ ಮೇಲೆ ಪಟ್ಟಿಯ ಬಿಗಿ ಹೋಗುತ್ತದೆ, ತಾಗುವ ಜಾಗದಲ್ಲಿ ಕಿಲುಬು ಕೂರುತ್ತದೆ. ಆಗ ಕುಣಿತ ಉದ್ದವಾಗುತ್ತದೆ. ಚಿಪ್ ಕಣ್ಣು ಬಿಟ್ಟಾಗಲೂ ಪಟ್ಟಿ ಇನ್ನೂ ಕುಣಿಯುತ್ತಿರುತ್ತದೆ. ಅದನ್ನೇ ಚಿಪ್ ಎರಡನೇ ಕ್ಲಿಕ್ ಅಂತ ಎಣಿಸುತ್ತದೆ.

ಇಷ್ಟು ಗೊತ್ತಾದರೆ ತಾತ್ಕಾಲಿಕ ಮದ್ದು ನಿಮಗೇ ಹೊಳೆಯುತ್ತದೆ. ಕೆಲವು ಮೌಸ್‌ಗಳ ಸಾಫ್ಟ್‌ವೇರ್‌ನಲ್ಲಿ ಡಿಬೌನ್ಸ್ ಸಮಯ ಜಾಸ್ತಿ ಮಾಡುವ ಸೌಲಭ್ಯ ಇದೆ. 4 ಇದ್ದದ್ದನ್ನು 10 ಅಥವಾ 12 ಮಿಲಿಸೆಕೆಂಡ್ ಮಾಡಿ. ಒಂದೆರಡು ತಿಂಗಳು ದೂಡಬಹುದು. ಬಟನ್ ಸಂದಿಯಲ್ಲಿ ಊದುವುದು, ಮೌಸನ್ನು ಟೇಬಲ್‌ಗೆ ಕುಟ್ಟುವುದು ಇವನ್ನೂ ಜನ ಮಾಡುತ್ತಾರೆ. ಊದಿದರೆ ಎಂಜಲು ಹೋಗುತ್ತದೆ ಅಷ್ಟೇ. ಕುಟ್ಟಿದ್ದಕ್ಕೆ ಏನಾಗುತ್ತದೆ ಅಂತ ಕೇಳಬೇಡಿ, ಅವೂ ನನ್ನ ಟೇಬಲ್‌ಗೇ ಬರುತ್ತವೆ.

ಬಿಚ್ಚುವುದು

ವಾರಂಟಿ ಇದ್ದರೆ ಬಿಚ್ಚಬೇಡಿ. ಬಿಲ್ ಹುಡುಕಿ, ಕಂಪನಿಗೆ ಹಾಕಿ. ತಿಂಗಳು ಹಿಡಿದರೂ ಪರವಾಗಿಲ್ಲ. ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ಬಿಲ್ ಫೋನ್‌ನಲ್ಲೇ ಇರುತ್ತದೆ. ಅಂಗಡಿಯ ಬಿಲ್ ಆದರೆ ಫೋಟೊ ತೆಗೆದಿಟ್ಟುಕೊಳ್ಳಿ, ಆ ಕಾಗದದ ಮೇಲಿನ ಅಕ್ಷರ ನಮ್ಮ ಏಪ್ರಿಲ್ ಸೆಕೆಗೆ ಮಾಸಿ ಹೋಗುತ್ತದೆ.

ವಾರಂಟಿ ಮುಗಿದಿದ್ದರೆ ಮೌಸನ್ನು ಬೋರಲು ಹಾಕಿ. ಸ್ಕ್ರೂ ಎಲ್ಲೂ ಕಾಣುವುದಿಲ್ಲ. ಗಾಬರಿ ಬೇಡ. ತಳದಲ್ಲಿ ಜಾರುವುದಕ್ಕೆ ಅಂಟಿಸಿರುವ ನುಣುಪು ತುಂಡುಗಳಿವೆಯಲ್ಲ, ಅದರ ಕೆಳಗಿರುತ್ತವೆ. ನಾವು ಅದಕ್ಕೆ ಪಾದ ಅನ್ನುತ್ತೇವೆ. ಒಳ್ಳೆ ಮೌಸ್‌ನಲ್ಲಿ ಅದು ಪಿಟಿಎಫ್‌ಇ, ಅಂದರೆ ದೋಸೆ ಹಂಚಿನ ಟೆಫ್ಲಾನ್ ಜಾತಿಯದ್ದು. ಹೇರ್ ಡ್ರೈಯರ್‌ನಲ್ಲಿ ಅರ್ಧ ನಿಮಿಷ ಬಿಸಿ ಗಾಳಿ ಕೊಟ್ಟು, ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ಮೆಲ್ಲಗೆ ಎತ್ತಿ. ಚಾಕು ಹಾಕಿ ಮೀಟಿದರೆ ಪಾದ ಮಡಚಿಕೊಳ್ಳುತ್ತದೆ. ಮಡಚಿದ ಪಾದ ಮತ್ತೆ ನೆಟ್ಟಗೆ ಕೂರುವುದಿಲ್ಲ, ಮೌಸ್ ಕುಂಟುತ್ತದೆ. ಎತ್ತಿದ್ದನ್ನು ಅಂಟು ಮೇಲೆ ಮಾಡಿ ಪ್ಲಾಸ್ಟಿಕ್ ಹಾಳೆ ಮೇಲಿಡಿ. ನಾನು ಕ್ಯಾಲೆಂಡರ್ ಹಾಳೆ ಮೇಲೆ ಅಂಟಿನ ಬದಿ ಕೆಳಗೆ ಮಾಡಿ ಇಟ್ಟು, ಒಮ್ಮೆ ಪಾದದ ಜೊತೆ ಪಂಚಮಿ, ಷಷ್ಠಿ ಎರಡನ್ನೂ ಕಿತ್ತುಕೊಂಡು ಬಂದಿದ್ದೇನೆ.

ಸ್ಕ್ರೂಗೆ ಪಿಎಚ್ 0 ಅಥವಾ ಪಿಎಚ್ 00 ಸೈಜಿನ ಪ್ಲಸ್ ಡ್ರೈವರ್ ಬೇಕು. ಒಂದು ಸ್ಕ್ರೂ ಸ್ಟಿಕರ್ ಕೆಳಗೆ ಅಡಗಿರಬಹುದು. ಬೆರಳಿನಿಂದ ಸವರಿದರೆ ಗುಳಿ ಸಿಗುತ್ತದೆ. ಎಲ್ಲ ಬಿಚ್ಚಿದ ಮೇಲೆ ಮೇಲಿನ ಚಿಪ್ಪನ್ನು ಸರ್ರಂತ ಎಳೆಯಬೇಡಿ. ಮೇಲಿನ ಚಿಪ್ಪಿಗೂ ಕೆಳಗಿನ ಬೋರ್ಡಿಗೂ ಒಂದು ಪಟ್ಟಿ ಕೇಬಲ್ ಇರಬಹುದು. ನನ್ನ ಮೊದಲ ಮೂರು ಮೌಸ್‌ಗಳಲ್ಲಿ ಎರಡನ್ನು ಕೊಂದಿದ್ದು ಸ್ವಿಚ್ ಅಲ್ಲ, ಈ ಎಳೆತ. ಒಂದು ಬೆರಳಷ್ಟು ಎತ್ತಿ, ಟಾರ್ಚ್ ಬಿಟ್ಟು ಒಳಗೆ ನೋಡಿ, ಕೇಬಲ್ ಲಾಕ್ ತೆಗೆದು, ಆಮೇಲೆ ಬೇರೆ ಮಾಡಿ.

ಒಳಗೆ ಮೌಸ್ ಎಷ್ಟು ಸರಿಯಿತು ಅಂತ ಅಳೆಯುವ ಸೆನ್ಸರ್ ಕೆಳಗೆ ಒಂದು ಗಾಜಿನಂಥ ಲೆನ್ಸ್ ಇರುತ್ತದೆ. ಅದನ್ನು ಮುಟ್ಟಬೇಡಿ. ಮುಟ್ಟಿದರೆ ಐಪಿಎ ಹಚ್ಚಿದ ಹತ್ತಿಯಿಂದ ಒರೆಸಿ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹಾಗೇ ಕೇಳಿದರೆ ಕೊಡುತ್ತಾರೆ. ಸ್ಯಾನಿಟೈಸರ್ ಅಲ್ಲ. ಅದರಲ್ಲಿ ನೀರು, ಅಂಟು, ವಾಸನೆ ಎಲ್ಲ ಸೇರಿರುತ್ತದೆ.

ಈಗ ಸ್ವಿಚ್. ಮೂರು ಕಾಲು, ಮೂರೂ ಬೋರ್ಡಿಗೆ ಬೆಸೆದಿರುತ್ತವೆ. ಸ್ವಿಚ್ ಮೇಲಿನ ಪುಟ್ಟ ಗುಬುಟು ಯಾವ ಬದಿಗೆ ಇದೆ ಅಂತ ಮೊದಲು ಫೋಟೊ ತೆಗೆದುಕೊಳ್ಳಿ. ಅದು ನಡುಮಧ್ಯದಲ್ಲಿ ಇರುವುದಿಲ್ಲ. ತಿರುಗಾಮುರುಗಾ ಕೂರಿಸಿದರೆ ಬಟನ್ ಅದಕ್ಕೆ ತಾಗುವುದೇ ಇಲ್ಲ. ಕಾರ್ಖಾನೆಯ ಬೆಸುಗೆ ಸೀಸ ಇಲ್ಲದ್ದು, ಬೇಗ ಕರಗುವುದಿಲ್ಲ. ಹಾಗಂತ ಬೆಸುಗೆ ಹಾಕುವ ಐರನ್ ಒತ್ತಿ ಹಿಡಿದು ಕಾಯಬೇಡಿ, ಬೋರ್ಡಿನ ತಾಮ್ರ ಎದ್ದು ಬರುತ್ತದೆ. ಅದರ ಮೇಲೆ ಸ್ವಲ್ಪ ಹೊಸ 60/40 ಸೋಲ್ಡರ್, ಅಂದರೆ ತವರ, ಸೀಸ ಬೆರೆತ ಬೆಸುಗೆ ತಂತಿ, ಸೇರಿಸಿ. ಹಳೆಯದರ ಜೊತೆ ಬೆರೆತು ತುಪ್ಪದ ಹಾಗೆ ಕರಗುತ್ತದೆ. ಆಗ ಕರಗಿದ್ದನ್ನು ಹೀರುವ ಸಕ್ಕರ್‌ನಿಂದ ಎಳೆದುಬಿಡಿ. ಐರನ್ 350 ಡಿಗ್ರಿ ಇದ್ದರೆ ಸಾಕು. ಮೂರು ಕಾಲೂ ಸಡಿಲ ಆದ ಮೇಲೇ ಸ್ವಿಚ್ ಎತ್ತಬೇಕು. ಅಲ್ಲಾಡದಿದ್ದರೆ ಎಲ್ಲೋ ಇನ್ನೂ ಹಿಡಿದಿದೆ ಅಂತ ಅರ್ಥ. ಮತ್ತೆ ಸೋಲ್ಡರ್ ಹಾಕಿ, ಮತ್ತೆ ಎಳೆಯಿರಿ.

ಹೊಸ ಸ್ವಿಚ್ ಓಮ್ರಾನ್, ಹುವಾನೊ, ಕೈಲ್, ಟಿಟಿಸಿ ಹೀಗೆ ಹಲವು ಹೆಸರಲ್ಲಿ ಸಿಗುತ್ತವೆ. ಜೋಡಿಯಾಗಿ ತಗೊಳ್ಳಿ. ಎಡಕ್ಕೆ ಒಂದು ಜಾತಿ, ಬಲಕ್ಕೆ ಒಂದು ಜಾತಿ ಹಾಕಿದರೆ ಎರಡು ಬೆರಳಿಗೂ ಬೇರೆ ಬೇರೆ ಅನಿಸಿ ತಲೆ ಕೆಡುತ್ತದೆ.

ಊರಲ್ಲಿ ಸ್ವಿಚ್ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ಬರಲು ವಾರ ಆಗುತ್ತದೆ, ನಾಳೆ ಟೂರ್ನಮೆಂಟ್. ಆಗ ಒಂದು ಉಪಾಯ ಇದೆ. ಬಲ ಬಟನ್ನಿನ ಸ್ವಿಚ್ ಹೆಚ್ಚಾಗಿ ಎಡದ್ದೇ ಜಾತಿ, ಆದರೆ ಎಡದಷ್ಟು ದುಡಿದಿರುವುದಿಲ್ಲ. ಎರಡನ್ನೂ ಅದಲು ಬದಲು ಮಾಡಿಬಿಡಿ. ಖರ್ಚು ಸೊನ್ನೆ. ತಮ್ಮನ ಒಂದು ಮೌಸ್ ಹೀಗೆ ಇನ್ನೂ ಒಂದೂವರೆ ವರ್ಷ ಬಾಳಿತು.

ಬೆಸುಗೆ ಬಾರದವರು ಹೊಸ ಮೌಸ್ ಮೇಲೆ ಕಲಿಯಬೇಡಿ. ಕೆಟ್ಟ ರೇಡಿಯೊ, ಕೆಟ್ಟ ಚಾರ್ಜರ್ ಯಾವುದಾದರೂ ಬೋರ್ಡ್ ಮೇಲೆ ಒಂದು ಭಾನುವಾರ ಕಾಲು ಬಿಚ್ಚಿ, ಕಾಲು ಹಚ್ಚಿ. ಕಿಟಕಿ ತೆಗೆದಿಟ್ಟುಕೊಳ್ಳಿ. ಮುಗಿದ ಮೇಲೆ ಕೈ ತೊಳೆಯಿರಿ, ಸೋಲ್ಡರ್‌ನಲ್ಲಿ ಸೀಸ ಇದೆ.

ಮಂಡಕ್ಕಿ ಮತ್ತು ಚಕ್ರ

ಬೆಣ್ಣೆ ದೋಸೆ ಮೇಲೆ ನನಗೆ ದೂರಿಲ್ಲ. ಅದನ್ನು ತಿಂದು ಕೈ ತೊಳೆಯದೆ ಯಾರೂ ಏಳುವುದಿಲ್ಲ. ಮೌಸ್ ಕೆಡಿಸುವುದು ಮಂಡಕ್ಕಿ. ಒಂದು ರೌಂಡ್ ಸತ್ತಾಗ ಒಂದು ಮುಷ್ಟಿ ಬಾಯಿಗೆ, ಮತ್ತೆ ಕೈ ಮೌಸಿಗೆ. ಖಾರದ ಪುಡಿ, ಅರಿಶಿನ, ಎಣ್ಣೆ ಎಲ್ಲ ಚಕ್ರದ ಸಂದಿಯಿಂದ ಒಳಗೆ. ಮೌಸ್ ಬಿಚ್ಚಿದ ತಕ್ಷಣ ಒಗ್ಗರಣೆ ವಾಸನೆ ಬಂದ ದಿನಗಳಿವೆ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿಯೂ ಇದ್ದರೆ ಮುಗಿಯಿತು ಕಥೆ.

ಚಕ್ರದ ಪಕ್ಕ ಎನ್‌ಕೋಡರ್ ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಚಕ್ರದ ಅಚ್ಚು ಅದರೊಳಗೆ ತೂರಿರುತ್ತದೆ. ಒಳಗೆ ಲೋಹದ ಬ್ರಶ್‌ಗಳು ತಿರುಗುತ್ತಾ, ಎಷ್ಟು ತಿರುಗಿತು, ಯಾವ ಕಡೆ ತಿರುಗಿತು ಅಂತ ಹೇಳುತ್ತವೆ. ಅಲ್ಲಿ ಜಿಡ್ಡು, ಧೂಳು ಸೇರಿದರೆ ಕೆಳಕ್ಕೆ ತಿರುಗಿಸಿದಾಗ ಪೇಜ್ ಮೇಲಕ್ಕೆ ಹಾರುತ್ತದೆ. ಆಟದಲ್ಲಿ ಬಂದೂಕು ತಗೊಳ್ಳಲು ಹೋದರೆ ಚಾಕು ಬರುತ್ತದೆ. ಮೌಸ್ ಬಿಚ್ಚಿ, ಎನ್‌ಕೋಡರ್ ಸಂದಿಗೆ ಎರಡು ಹನಿ ಐಪಿಎ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಚಕ್ರವನ್ನು ಎರಡೂ ಕಡೆ ನೂರು ಸಲ ತಿರುಗಿಸಿ, ಚೆನ್ನಾಗಿ ಒಣಗಿಸಿ. ಬಹಳ ಸಲ ಅಷ್ಟಕ್ಕೇ ಸರಿ ಹೋಗುತ್ತದೆ. ಹೋಗದಿದ್ದರೆ ಎನ್‌ಕೋಡರ್ ಬದಲಿಸಬೇಕು. ಇದು ಬೇರೆ ಬೇರೆ ಎತ್ತರದಲ್ಲಿ ಬರುತ್ತದೆ, ಅಳೆಯದೆ ತರಿಸಿದರೆ ಚಕ್ರ ಒಂದೋ ಹೂತು ಕೂರುತ್ತದೆ, ಇಲ್ಲ ಎದ್ದು ನಿಲ್ಲುತ್ತದೆ.

ಬದಿಯ ರಬ್ಬರ್ ಅಂಟಂಟಾಗುವುದು ಇನ್ನೊಂದು ತಕರಾರು. ಕೈಗೆ ಮೆತ್ತಗಿರಲಿ ಅಂತ ಹಚ್ಚಿದ ಲೇಪ ಸೆಕೆಗೆ, ಬೆವರಿಗೆ ಕರಗಿ ಹಲಸಿನ ಮೇಣದ ಹಾಗೆ ಆಗುತ್ತದೆ. ಐಪಿಎ ಹಾಕಿ ಪೂರ್ತಿ ಉಜ್ಜಿ ತೆಗೆದುಬಿಡಿ. ಕೆಳಗೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ, ಅದೇ ವಾಸಿ.

ಕೇಬಲ್ ಬಗ್ಗೆ ಎರಡೇ ಮಾತು. ಮೌಸ್ ಅಲ್ಲಾಡಿಸಿದಾಗ ಕಂಪ್ಯೂಟರ್ "ಡಿಂಗ್ ಡಾಂಗ್" ಅಂತ ಸದ್ದು ಮಾಡಿದರೆ ಕೇಬಲ್ ಒಳಗೆ ತುಂಡಾಗಿದೆ. ಹೆಚ್ಚಾಗಿ ಮೌಸಿಗೆ ಸೇರುವ ಕುತ್ತಿಗೆಯ ಹತ್ತಿರವೇ. ಆ ಭಾಗ ಕತ್ತರಿಸಿ ಮತ್ತೆ ಸೇರಿಸಬಹುದು, ಆದರೆ ತಂತಿಯ ಬಣ್ಣ ನಂಬಿ ಸೇರಿಸಬೇಡಿ. ಮಲ್ಟಿಮೀಟರ್ ಇಟ್ಟು ನೋಡಿ.

ಈಗ ಕೊಳ್ಳುವುದು

ಮೌಸ್ ಕೊಳ್ಳುವವರು ಮೊದಲು ಕೇಳುವುದು "ಡಿಪಿಐ ಎಷ್ಟು?" ಎಂದು. ಬಾಕ್ಸ್ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಲೆಕ್ಕ ಹಾಕೋಣ. 800 ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದರೆ 800 ಎಣಿಕೆ ಕಂಪ್ಯೂಟರ್‌ಗೆ ಹೋಗುತ್ತದೆ. ಸ್ಕ್ರೀನ್ ಅಗಲ 1920 ಪಿಕ್ಸೆಲ್. ವಿಂಡೋಸ್‌ನ ಮಾಮೂಲು ವೇಗದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು 2.4 ಇಂಚು, ಅಂದರೆ 6 ಸೆಂಟಿಮೀಟರ್ ಕೈ ಆಡಿಸಬೇಕು. ಇದು ಸರಿಯಾಗಿದೆ. ಅದೇ 16,000 ಡಿಪಿಐಗೆ ಹಾಕಿ. 3 ಮಿಲಿಮೀಟರ್ ಸರಿದರೆ ಸ್ಕ್ರೀನ್ ಈ ತುದಿಯಿಂದ ಆ ತುದಿ. ಕೆಮ್ಮಿದರೆ ಸಾಕು, ಬಾಣ ಮೂಲೆ ಸೇರಿರುತ್ತದೆ. ಇದನ್ನು ಯಾರು ಬಳಸುತ್ತಾರೆ ಹೇಳಿ?

ಅಗ್ಗದ ಮೌಸ್‌ಗಳಲ್ಲಿ ಇನ್ನೊಂದು ಚಮತ್ಕಾರ ಇದೆ. ಸೆನ್ಸರ್ ಅಳೆಯುವುದು ಕಡಿಮೆ, ಚಿಪ್ ಅದನ್ನೇ ಎರಡರಿಂದಲೋ ನಾಲ್ಕರಿಂದಲೋ ಗುಣಿಸಿ ಕಳಿಸುತ್ತದೆ. ಹಾಲಿಗೆ ನೀರು ಬೆರೆಸಿ ಲೀಟರ್ ಜಾಸ್ತಿ ಮಾಡಿದ ಹಾಗೆ. ಬಾಣ ನುಣ್ಣಗೆ ಹೋಗದೆ ಮೆಟ್ಟಿಲು ಹತ್ತಿದಂತೆ ಹೋಗುತ್ತದೆ. ಬಣ್ಣದ ಲೈಟ್ ಮಾತ್ರ ಜಾತ್ರೆಯ ಹಾಗೆ ಉರಿಯುತ್ತದೆ.

ಡಿಪಿಐ ಬಿಡಿ, ಕೈ ನೋಡಿಕೊಳ್ಳಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಸ್ಕೇಲ್ ಇಟ್ಟು ಅಳೆಯಿರಿ. ನನ್ನದು 16.5 ಸೆಂಟಿಮೀಟರ್, ತಮ್ಮನದು 19.5. ಅವನಿಗೆ ಹಿತವಾದ ಮೌಸ್ ನನ್ನ ಕೈಗೆ ಇಟ್ಟಿಗೆ. ವರ್ಷಗಟ್ಟಲೆ ಅವನ ಹಳೆಯ ಮೌಸ್‌ಗಳನ್ನೇ ಬಳಸಿ, ಸಂಜೆಯಾದರೆ ಕಿರುಬೆರಳು ನೋಯುವುದು ಸಹಜ ಅಂದುಕೊಂಡಿದ್ದೆ. ರೇಜರ್ ಡೆತ್‌ಆಡರ್ ಎಸೆನ್ಷಿಯಲ್ 12.7 ಸೆಂಟಿಮೀಟರ್ ಉದ್ದ, ಬೆನ್ನು ಎತ್ತರ. ಅಂಗೈ ಪೂರ್ತಿ ಊರಿ ಹಿಡಿಯುವ ದೊಡ್ಡ ಕೈಯವರಿಗೆ ಹೇಳಿ ಮಾಡಿಸಿದ್ದು. ಲಾಜಿಟೆಕ್ ಜಿ 102 ಸುಮಾರು 11.7 ಸೆಂಟಿಮೀಟರ್, ತೂಕ 85 ಗ್ರಾಂ. ನನ್ನಂಥ ಸಣ್ಣ ಕೈಗೆ, ಬೆರಳು ಮಡಚಿ ಬೆಕ್ಕಿನ ಪಂಜದ ಹಾಗೆ ಹಿಡಿಯುವವರಿಗೆ ಅದು ಒಪ್ಪುತ್ತದೆ. ಇದು ಒಳ್ಳೆಯದು, ಅದು ಕೆಟ್ಟದ್ದು ಅಂತ ಅಲ್ಲ. ಚಪ್ಪಲಿಗೆ ನಂಬರ್ ಇದ್ದಂತೆ.

ತೊಂದರೆ ಏನೆಂದರೆ ನಮ್ಮ ಊರಿನ ಅಂಗಡಿಗಳಲ್ಲಿ ಬಾಕ್ಸ್ ಒಡೆದು ಕೈಗೆ ಕೊಡುವುದಿಲ್ಲ. ಹಾಗಾಗಿ ಹಾಸ್ಟೆಲ್‌ಗೋ ಗೇಮಿಂಗ್ ಸೆಂಟರ್‌ಗೋ ಹೋಗಿ ಬೇರೆಯವರ ಮೌಸ್ ಹಿಡಿದು ನೋಡಿ. ಅರ್ಧ ಗಂಟೆ ಆಡಿ. ಅದೂ ಆಗದಿದ್ದರೆ ನಾನು ಮಾಡಿದ ಕೆಲಸ ಮಾಡಿ. ಕಂಪನಿ ಪೇಜಿನಲ್ಲಿ ಉದ್ದ, ಅಗಲ, ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅಷ್ಟೇ ಅಳತೆಗೆ ಚಪಾತಿ ಹಿಟ್ಟಿನಲ್ಲಿ ಒಂದು ಮುದ್ದೆ ಮಾಡಿ, ಪ್ಲಾಸ್ಟಿಕ್ ಸುತ್ತಿ ಕೈಯಲ್ಲಿ ಹಿಡಿದು ನೋಡಿ. ಅಮ್ಮ ಬೈದರು. ಆದರೆ 1,500 ರೂಪಾಯಿ ಉಳಿಯಿತು, ಹಿಟ್ಟೂ ಹಾಳಾಗಲಿಲ್ಲ.

ಹಿಡಿದಾಗ ಎರಡು ವಿಷಯ ನೋಡಿ. ಹೆಬ್ಬೆರಳು, ಕಿರುಬೆರಳಿನಿಂದಲೇ ಮೌಸನ್ನು ಹತ್ತು ಸಲ ಎತ್ತಿ ಇಡಿ. ಜಾರಬಾರದು, ಹಿಂಡಿ ಹಿಡಿಯುವಂತೆಯೂ ಆಗಬಾರದು. ಆಮೇಲೆ ಬದಿಯ ಎರಡು ಬಟನ್‌ಗಳಲ್ಲಿ ಮುಂದಿನದು, ಹಿಡಿತ ಬದಲಿಸದೆ ಹೆಬ್ಬೆರಳಿಗೆ ಸಿಗಬೇಕು. ಎಡಗೈಯವರಿಗೆ ಒಂದು ಎಚ್ಚರಿಕೆ. ಎರಡೂ ಕೈಗೆ ಆಗುವ ಆಕಾರ ಅಂತ ಬರೆದಿದ್ದರೂ ಬದಿಯ ಬಟನ್ ಹೆಚ್ಚಾಗಿ ಬಲಗೈಯವರ ಹೆಬ್ಬೆರಳಿನ ಕಡೆಯೇ ಇರುತ್ತದೆ.

ತೂಕ ಮುಖ್ಯ, ಆದರೆ ಈಗ ಅದೊಂದು ಹುಚ್ಚಾಗಿದೆ. ಲಾಜಿಟೆಕ್ ಜಿ 304 ಬ್ಯಾಟರಿ ಸೇರಿ 99 ಗ್ರಾಂ. ಅದಕ್ಕೆ ಹಾಕುವ ಮಾಮೂಲು ಎಎ ಸೆಲ್ ಒಂದೇ 23 ಗ್ರಾಂ ಹತ್ತಿರ ತೂಗುತ್ತದೆ. ಅದರ ಬದಲು ಅಡಾಪ್ಟರ್ ಇಟ್ಟು ಸಣ್ಣ ಎಎಎ ಸೆಲ್ ಹಾಕಿದರೆ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಸೆಲ್ ಬೇಗ ಖಾಲಿಯಾಗುತ್ತದೆ ಅಷ್ಟೇ. 60 ಗ್ರಾಂ ಮೌಸ್‌ಗೆ ಹತ್ತು ಸಾವಿರ ಕೊಡುವ ಮೊದಲು ಇದನ್ನು ಮಾಡಿ ನೋಡಿ.

ಇನ್ನು ಸ್ವಿಚ್. ನನ್ನ ನೋಟ್‌ಬುಕ್ ನೋಡಿದವರು ಇದನ್ನೇ ಮೊದಲು ಕೇಳಬೇಕು. ಕೆಲವು ಮೌಸ್‌ಗಳಲ್ಲಿ ಈಗ ಆಪ್ಟಿಕಲ್ ಸ್ವಿಚ್ ಬರುತ್ತಿದೆ. ರೇಜರ್ 2019ರಲ್ಲಿ ವೈಪರ್ ಮೌಸ್‌ಗೆ ಹಾಕಿತು, ಬೇರೆ ಕಂಪನಿಗಳದ್ದೂ ಸಿಗುತ್ತದೆ. ಅದರಲ್ಲಿ ಲೋಹ ಲೋಹಕ್ಕೆ ತಾಗಿ ಸುದ್ದಿ ಹೇಳುವುದಿಲ್ಲ, ಬೆಳಕಿನ ಕಿರಣ ಹೇಳುತ್ತದೆ. ಕುಣಿತದ ಪ್ರಶ್ನೆಯೇ ಇಲ್ಲ, ಆ ಕಾರಣದ ಡಬಲ್ ಕ್ಲಿಕ್ ಬರುವುದಿಲ್ಲ. ಆದರೆ ಬೇರೆ ಏನಾದರೂ ಕೆಟ್ಟರೆ ನನ್ನ 40 ರೂಪಾಯಿಯ ಸ್ವಿಚ್ ಅದಕ್ಕೆ ಹೊಂದುವುದಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಆಡುವವರು, ಬಿಚ್ಚುವ ಗೋಜು ಬೇಡ ಅನ್ನುವವರು ಆಪ್ಟಿಕಲ್ ತಗೊಳ್ಳಿ. ಕೈಯಲ್ಲಿ ಐರನ್ ಇರುವವರಿಗೆ ಹಳೆಯ ಮೂರು ಕಾಲಿನದೇ ಸಾಕು.

ಪೋಲಿಂಗ್ ರೇಟ್ ಅಂತ ಇನ್ನೊಂದು ಸಂಖ್ಯೆ. 125 ಹರ್ಟ್ಸ್ ಅಂದರೆ ಮೌಸ್ 8 ಮಿಲಿಸೆಕೆಂಡಿಗೆ ಒಮ್ಮೆ ಕಂಪ್ಯೂಟರ್‌ಗೆ ಸುದ್ದಿ ಹೇಳುತ್ತದೆ, 1,000 ಅಂದರೆ 1 ಮಿಲಿಸೆಕೆಂಡಿಗೆ. ಈ ವ್ಯತ್ಯಾಸ ಕಾಣುತ್ತದೆ. ಅದರಾಚೆ 8,000ದವರೆಗೂ ಇದೆ. ನನಗಂತೂ ಕಾಣಲಿಲ್ಲ, ನಮ್ಮ ಹಳೆಯ ಕಂಪ್ಯೂಟರ್ ಮಾತ್ರ ಏದುಸಿರು ಬಿಟ್ಟಿತು.

ಸೆಟ್ಟಿಂಗ್, ಮ್ಯಾಟ್

ಹೊಸ ಮೌಸ್ ಹಾಕಿದ ದಿನವೇ ವಿಂಡೋಸ್‌ನಲ್ಲಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಅನ್ನುವ ಟಿಕ್ ತೆಗೆಯಿರಿ. ಹೆಸರು ಕೇಳಿದರೆ ಒಳ್ಳೆಯದು ಅನಿಸುತ್ತದೆ. ಆದರೆ ಅದು ಕೈ ಜೋರಾಗಿ ಆಡಿಸಿದರೆ ಬಾಣವನ್ನು ಜಾಸ್ತಿ ದೂರ, ನಿಧಾನ ಆಡಿಸಿದರೆ ಕಡಿಮೆ ದೂರ ಒಯ್ಯುತ್ತದೆ. ಅಳತೆ ಕೈಗೆ ಕೂರುವುದೇ ಇಲ್ಲ.

ವ್ಯಾಲೊರಂಟ್‌ನಲ್ಲಿ ನನ್ನದು 800 ಡಿಪಿಐ, ಸೆನ್ಸಿಟಿವಿಟಿ 0.35. ಸೆನ್ಸಿಟಿವಿಟಿ ಅಂದರೆ ಕೈ ಸರಿದಷ್ಟಕ್ಕೆ ಆಟದಲ್ಲಿ ನೋಟ ಎಷ್ಟು ತಿರುಗಬೇಕು ಅನ್ನುವ ಸೆಟ್ಟಿಂಗ್. ಪೂರ್ತಿ ಒಂದು ಸುತ್ತು ತಿರುಗಲು ಸುಮಾರು 47 ಸೆಂಟಿಮೀಟರ್ ಕೈ ಸರಿಸಬೇಕು. ಹಿಂದೆ ತಿರುಗಲು ಅದರರ್ಧ. ಹಾಗಾಗಿ ಮ್ಯಾಟ್ ದೊಡ್ಡದು ಬೇಕು, ತಟ್ಟೆಯಷ್ಟಿದ್ದರೆ ಸಾಲದು. ಕೌಂಟರ್ ಸ್ಟ್ರೈಕ್‌ನಿಂದ ವ್ಯಾಲೊರಂಟ್‌ಗೆ ಬರುವವರು ಹಳೆಯ ಸೆನ್ಸಿಟಿವಿಟಿಯನ್ನು 3.18ರಿಂದ ಭಾಗಿಸಿ. ಡಿಪಿಐ ಬದಲಿಸದಿದ್ದರೆ ಕೈಗೆ ಅದೇ ಅಳತೆ ಸಿಗುತ್ತದೆ. ತಮ್ಮ ಇದು ಗೊತ್ತಾಗುವ ತನಕ ಒಂದು ತಿಂಗಳು "ಈ ಆಟವೇ ಸರಿ ಇಲ್ಲ" ಎಂದು ಹೇಳಿಕೊಂಡು ತಿರುಗಿದ.

ಮ್ಯಾಟ್ ಬಟ್ಟೆಯದ್ದಾದರೆ ಸಾಕು. ಹಾಸ್ಟೆಲ್ ಹುಡುಗರು ಫ್ಲೆಕ್ಸ್ ತುಂಡು ಹಾಕಿಕೊಂಡಿರುತ್ತಾರೆ. ಒಬ್ಬನ ಟೇಬಲ್ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಇತ್ತು. ಸಾಹೇಬರ ಬಿಳಿ ಅಂಗಿಯ ಹೊಳಪಿನ ಮೇಲೆ ಬಂದಾಗಲೆಲ್ಲ ಬಾಣ ನಡುಗುತ್ತಿತ್ತು. ಸೆನ್ಸರ್ ಅಂದರೆ ಪುಟ್ಟ ಕ್ಯಾಮೆರಾ. ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಹಿಂದಿನದಕ್ಕೆ ಹೋಲಿಸಿ, ಎಷ್ಟು ಸರಿಯಿತು ಅಂತ ಹೇಳುತ್ತದೆ. ಹೊಳೆಯುವ ಜಾಗದಲ್ಲಿ, ಗಾಜಿನ ಮೇಲೆ ಅದಕ್ಕೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ. ಬಟ್ಟೆಯ ಮ್ಯಾಟನ್ನು ಎರಡು ತಿಂಗಳಿಗೊಮ್ಮೆ ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಅಂಚು ಹಪ್ಪಳದ ಹಾಗೆ ಏಳುತ್ತದೆ.

ವೈರ್‌ಲೆಸ್ ಮೌಸ್ ಆಗಾಗ ತಡವರಿಸಿದರೆ ಮೌಸ್ ಬೈಯುವ ಮೊದಲು ಡಾಂಗಲ್, ಅಂದರೆ ಅದರ ಜೊತೆ ಬಂದ ಪುಟ್ಟ ಯುಎಸ್‌ಬಿ ತುಂಡು, ಎಲ್ಲಿದೆ ನೋಡಿ. ಕಂಪ್ಯೂಟರ್ ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಹತ್ತಿರ ಗದ್ದಲ ಎಬ್ಬಿಸುತ್ತವೆ. ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಹಾಕಿದ್ದರೆ ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ ಅನ್ನು ಮ್ಯಾಟ್ ಹತ್ತಿರ, ಮೌಸಿನಿಂದ ಒಂದು ಗೇಣು ದೂರಕ್ಕೆ ತಂದಿಡಿ. ಬ್ಲೂಟೂತ್ ಇರುವ ಮೌಸ್ ಆದರೂ ಆಟಕ್ಕೆ ಡಾಂಗಲ್ಲೇ ಬಳಸಿ.

ಅಂದ ಹಾಗೆ ವೈರ್‌ಲೆಸ್ ಮೌಸ್ ರಿಪೇರಿಗೆ ತರುವವರು ದಯವಿಟ್ಟು ಡಾಂಗಲ್ ಜೊತೆಗೇ ತನ್ನಿ. ಅದಿಲ್ಲದೆ ನಾನು ಪರೀಕ್ಷೆ ಮಾಡುವುದು ಹೇಗೆ? ಹೋದ ವಾರವೂ ಒಬ್ಬ ಮೌಸ್ ಮಾತ್ರ ತಂದಿದ್ದ. ಡಾಂಗಲ್ ಕಳೆದೇ ಹೋಗಿದೆ, ರೂಮೆಲ್ಲ ಹುಡುಕಿದ್ದೇನೆ ಅಂದ. ಬ್ಯಾಟರಿ ಮುಚ್ಚಳ ತೆಗೆದೆ. ಒಳಗೇ ಇತ್ತು.